ನಂಜಿನ ಪಟ್ಟಿ

ಅಕ್ಕನ ಮಗಳಿಗೆ ಹೊರನಾಡಿನ ದೇವಸ್ಥಾನದ ಹತ್ತಿರದ ವಸತಿಗೃಹವೊಂದರಲ್ಲಿ ಕೆಲಸ ಸಿಕ್ಕಾಗ ಮನೆಯವರೆಲ್ಲ ಸಂತೋಷಪಟ್ಟರು. ನಾನು ಒಂದು ಹಾಳೆ ತೆಗೆದುಕೊಂಡು ಅವಳು ತಿನ್ನಬಾರದ್ದರ ಪಟ್ಟಿ ಬರೆಯಲು ಕುಳಿತೆ. ಬಾಳೂರು ಕಡೆಯ ಕಾಫಿ ಎಸ್ಟೇಟಿನಲ್ಲಿ ನಾನು ರೈಟರ್. ರೈಟರ್ ಎಂದರೆ ಕಥೆ ಬರೆಯುವವನಲ್ಲ, ಆಳುಗಳ ಹಾಜರಿ ಬರೆಯುವವನು. ಭಯವಾದಾಗ ಪಟ್ಟಿ ಮಾಡುವುದು ಬಿಟ್ಟರೆ ನನಗೆ ಬೇರೆ ವಿದ್ಯೆ ಬಾರದು.

ಅವಳಿಗೆ ಹುಟ್ಟಿನಿಂದಲೇ ಎಚ್‌ಐವಿ. ಅಕ್ಕ, ಭಾವ ಇಬ್ಬರೂ ತೀರಿಕೊಂಡ ಮೇಲೆ, ಏಳು ವರ್ಷದವಳಿದ್ದಾಗ ನಮ್ಮ ಮನೆಗೆ ಬಂದಳು. ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿ ಡಾಕ್ಟರು ನನ್ನನ್ನು ಕೂರಿಸಿಕೊಂಡು, ರಕ್ತದಲ್ಲಿ ಸೋಂಕಿದೆ, ಮಾತ್ರೆ ಒಂದು ದಿನವೂ ತಪ್ಪಬಾರದು ಎಂದಿದ್ದರು. ಸೋಂಕು ಎಂಬ ಪುಸ್ತಕದ ಮಾತು ನನ್ನ ತಲೆಗಿಳಿಯುವಷ್ಟರಲ್ಲಿ ನಂಜು ಆಗಿಬಿಟ್ಟಿತ್ತು. ನಮ್ಮ ಕಡೆ ಕಾಲಿಗೆ ಕತ್ತಿ ತಾಗಿದರೂ ನಂಜೇರುತ್ತದೆಂದು ಬದನೆಕಾಯಿ, ಹಲಸು, ಅಣಬೆ, ಬಿದಿರಿನ ಕಳಲೆ ಎಲ್ಲ ಬಂದ್. ಗಾಯಕ್ಕೇ ಇಷ್ಟಾದರೆ ರಕ್ತದ ಗತಿ? ಹದಿಮೂರು ವರ್ಷ ನಮ್ಮ ಒಲೆಯ ಮೇಲೆ ಕಳಲೆ ಬೇಯಲಿಲ್ಲ. ಹೆಂಡತಿ ತವರಿಗೆ ಹೋದಾಗ ತಿಂದು ಬರುತ್ತಿದ್ದಳು.

ಹುಡುಗಿ ದೊಡ್ಡವಳಾದಂತೆ ನನ್ನನ್ನು ತಿದ್ದಲು ನೋಡಿದಳು. ಆಸ್ಪತ್ರೆಯಲ್ಲಿ ತನ್ನಂಥವರ ಜೊತೆ ಕೂತು ಕೇಳಿಸಿಕೊಂಡಿದ್ದನ್ನು ಬಂದು ಹೇಳುತ್ತಿದ್ದಳು. ಈ ಮಾತ್ರೆಗೆ ಪಥ್ಯವೇ ಇಲ್ಲವಂತೆ. ರಕ್ತ ಶುದ್ಧಿಗೆಂದು ನಾನು ತಂದುಕೊಡುತ್ತಿದ್ದ ಬೇರಿನ ಪುಡಿಯನ್ನು ಡಾಕ್ಟರನ್ನು ಕೇಳದೆ ಮುಟ್ಟುವಂತಿಲ್ಲವಂತೆ. ಒಮ್ಮೆ ಪರೀಕ್ಷೆಯಲ್ಲಿ ವೈರಸ್ ಕಾಣದಷ್ಟು ಕಡಿಮೆಯಾಗಿದೆ ಎಂದು ಬಂದಾಗ, ಹಾಗಾದರೆ ವಾಸಿಯಾಯಿತಲ್ಲ ಎಂದೆ. ಇಲ್ಲ, ಮಾತ್ರೆ ಬಿಟ್ಟರೆ ಮತ್ತೆ ಏರುತ್ತದೆ ಎಂದು, ಚಿಕ್ಕ ಮಗುವಿಗೆ ಹೇಳುವಂತೆ ಎರಡು ಸಲ ಹೇಳಿದಳು. ಎಲ್ಲದಕ್ಕೂ ತಲೆಯಾಡಿಸಿದೆ. ಬದನೆಕಾಯಿ ಮಾತ್ರ ತರಲಿಲ್ಲ.

ಹೊರನಾಡಿನಲ್ಲಿ ಅವಳ ಕೋಣೆಯಲ್ಲಿ ಇನ್ನಿಬ್ಬರು ಹುಡುಗಿಯರಿದ್ದರು. ಯಾರಿಗೂ ಗೊತ್ತಾಗಬಾರದು, ಗೊತ್ತಾದರೆ ಕೆಲಸವೂ ಹೋದೀತು, ಕೋಣೆಯೂ ಹೋದೀತು ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಪಾಠ ಹೇಳಿದವನು ನಾನೇ. ಅವಳು ಟ್ರಂಕು ಬಿಚ್ಚುತ್ತಿದ್ದಾಗ ಅಡುಗೆಮನೆಗೆ ಹೋಗಿ ಪಟ್ಟಿಯನ್ನು ಅಡುಗೆಯಮ್ಮನ ಕೈಗೆ ಕೊಟ್ಟವನೂ ನಾನೇ.

ಆಕೆ ನಿಧಾನಕ್ಕೆ ಓದಿದರು. "ಇದೆಲ್ಲ ನಂಜಿನ ಸಾಮಾನಲ್ವಾ ಮಾರಾಯ್ರೆ. ಹುಡುಗಿಗೆ ಗಾಯ ಏನಾದ್ರೂ ಆಗಿದ್ಯಾ?"

"ಇಲ್ಲ, ಗಾಯ ಅಲ್ಲ," ಎಂದೆ. "ರಕ್ತದಲ್ಲಿ..."

ಅಷ್ಟಕ್ಕೇ ನಿಲ್ಲಿಸಿದೆ. ಆದರೆ ಆ ಮಾತು ಹೊರಗೆ ಬಂದಾಗಿತ್ತು. ಅಲ್ಲೇ ಕಾಯಿ ತುರಿಯುತ್ತಿದ್ದ, ಅವಳ ಕೋಣೆಯ ಆ ಇಬ್ಬರು ಹುಡುಗಿಯರ ಕೈ ನಿಂತಿತು. ಹದಿಮೂರು ವರ್ಷ ಬಚ್ಚಿಟ್ಟಿದ್ದನ್ನು ಬದನೆಕಾಯಿಯ ನೆಪದಲ್ಲಿ ನಾನೇ ಬಿಚ್ಚಿಡುತ್ತಿದ್ದೆ.

ಅವಳು ಯಾವಾಗ ಬಾಗಿಲಿಗೆ ಬಂದಿದ್ದಳೋ. "ಅದು ನನಗಲ್ಲ ಅಕ್ಕ, ಮಾವಂಗೆ," ಎಂದಳು. "ಅವ್ರಿಗೆ ಮೂಲವ್ಯಾಧಿ. ರಕ್ತ ಹೋಗುತ್ತೆ. ಇವತ್ತು ಊಟ ಇಲ್ಲೇ ಅಲ್ವಾ, ಹೇಳಕ್ಕೆ ನಾಚಿಕೆ ಅವ್ರಿಗೆ."

ಹುಡುಗಿಯರು ಮುಖ ತಿರುಗಿಸಿ ನಕ್ಕರು. ಅಡುಗೆಯಮ್ಮ ನಗಲಿಲ್ಲ, ತಮ್ಮ ಯಜಮಾನರಿಗೂ ಅದೇ ತೊಂದರೆ ಎಂದು ಬಹಳ ಹೊತ್ತು ಮಾತಾಡಿ, ನನಗೆ ಮಜ್ಜಿಗೆ ಅನ್ನ ಬಡಿಸಿದರು. ಎದುರಿಗೆ ಕೂತು ಅವಳು ಬದನೆಕಾಯಿ ಪಲ್ಯವನ್ನು ಎರಡು ಸಲ ಹಾಕಿಸಿಕೊಂಡಳು. ಅವಳು ನುಂಗುವ ಒಂದೊಂದು ತುತ್ತನ್ನೂ ನೋಡುತ್ತ ನಾನು ಬೆವರಿದೆ.

ಬಸ್ ನಿಲ್ದಾಣಕ್ಕೆ ಬಿಡಲು ಬಂದಾಗ ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ. "ಮಾವ, ಮಾತ್ರೆ ನಾನು ನೋಡ್ಕೊಳ್ತೀನಿ. ಯಾರಿಗೆ ಹೇಳ್ಬೇಕು, ಯಾರಿಗೆ ಬ್ಯಾಡ ಅನ್ನೋದನ್ನೂ ನಾನೇ ನೋಡ್ಕೊಳ್ತೀನಿ. ನೀವು ಅದೊಂದನ್ನ ನಂಗೆ ಬಿಡಿ," ಎಂದಳು. ಬಿಟ್ಟೆ ಎಂದೆ.

ಬಿಡುವುದೆಂದರೇನು ಎಂದು ಈಗ ಗೊತ್ತಾಗುತ್ತಿದೆ. ಅವಳು ಮಾತ್ರೆ ನುಂಗುವುದು ಬೆಳಗಿನ ತಿಂಡಿಯಾದ ಮೇಲೆ. ಆ ಹೊತ್ತಿಗೆ ಫೋನ್ ಮಾಡುತ್ತೇನೆ. ಕೋಣೆಯಲ್ಲಿ ಬೇರೆಯವರಿರುತ್ತಾರೆ, ಮಾತ್ರೆಯ ಮಾತು ಎತ್ತುವಂತಿಲ್ಲ. ತಿಂಡಿ ಆಯ್ತಾ ಎಂದು ಕೇಳುತ್ತೇನೆ. ಕೆಲವು ದಿನ ಎರಡೂ ಆಯ್ತು ಮಾವ ಎನ್ನುತ್ತಾಳೆ. ಆ ದಿನ ನನಗೆ ಹಾಜರಿ ಪುಸ್ತಕ ಸರಿಯಾಗಿ ಕಾಣುತ್ತದೆ. ಕೆಲವು ದಿನ ಬರೀ ಆಯ್ತು ಎಂದು ಫೋನ್ ಇಟ್ಟುಬಿಡುತ್ತಾಳೆ. ಮತ್ತೆ ಫೋನ್ ಮಾಡಬಾರದು ಎಂದು ಅದನ್ನು ಮೇಜಿನ ಡ್ರಾಯರಿನೊಳಗೆ ಹಾಕಿ, ಅದರ ಮುಂದೆಯೇ ಕೂತಿರುತ್ತೇನೆ.