ಕೆಳಮನೆ ಅಂಕಲ್‌ಗೆ ಕಲಿಸಿದ ಫ್ರೆಂಚ್

ಕಾಲೇಜು ಮುಗಿಸಿ ಬರುವಾಗ ನಾಯಂಡಹಳ್ಳಿ ಸಿಗ್ನಲ್ಲಿನಲ್ಲಿ ಬಸ್ಸು ನಿಂತಿತು. ಪಕ್ಕದ ವರ್ಕ್‌ಶಾಪಿನಿಂದ ಕಬ್ಬಿಣದ ಪುಡಿ ಬೆರೆತ ಎಣ್ಣೆಯ ವಾಸನೆ ಬಂತು. ದಿನವಿಡೀ ಫ್ರೆಂಚ್ ಪಾಠ ಹೇಳಿ ಗಂಟಲು ಕಟ್ಟಿತ್ತು, ಯಾರನ್ನೂ ನೆನೆಯುವ ತ್ರಾಣವಿರಲಿಲ್ಲ. ಆದರೂ ಅವರು ನೆನಪಾದರು...

ರಾಜಾಜಿನಗರದಲ್ಲಿ ನಮ್ಮ ಬಾಡಿಗೆ ಮನೆಯ ಕೆಳಗಿದ್ದವರು. ಅಂಕಲ್ ಎಂದಷ್ಟೇ ಕರೆಯುತ್ತಿದ್ದೆ. ಕಾರ್ಖಾನೆಯೊಂದರಲ್ಲಿ ಕಬ್ಬಿಣ ಕಡೆಯುವ ಲೇತ್ ಕೆಲಸ. ಎರಡು ಸಾವಿರದ ಐದರ ಆಸುಪಾಸು. ನಾನು ಪಿಯುಸಿಯಲ್ಲಿ ಮಾರ್ಕ್ಸ್ ಬರುತ್ತದೆಂದು ಫ್ರೆಂಚ್ ತೆಗೆದುಕೊಂಡಿದ್ದೆ. ಅವರ ಕಾರ್ಖಾನೆಗೆ ಫ್ರಾನ್ಸಿನಿಂದ ಹೊಸ ಮಷೀನು ಬರುವುದಿತ್ತು. ಅದನ್ನು ಕಲಿಯಲು ಒಬ್ಬರನ್ನು ಅಲ್ಲಿಗೆ ಕಳಿಸುತ್ತಾರೆ, ಅಲ್ಲಿನ ಸಾಹೇಬರೇ ಬಂದು ಆರಿಸುತ್ತಾರೆ ಎಂದು ಸುದ್ದಿ.

"ನಾಲ್ಕು ಮಾತು ಹೇಳ್ಕೊಡಮ್ಮ. ವಿಮಾನ ಹತ್ತೋ ಯೋಗ ಇದ್ಯೋ ನೋಡೋಣ," ಎಂದರು.

ಭಾನುವಾರ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮೇಲೆ ಬರುತ್ತಿದ್ದರು. ಫ್ರೆಂಚಿನಲ್ಲಿ ವಸ್ತುಗಳಲ್ಲೂ ಗಂಡು ಹೆಣ್ಣು ಉಂಟು. ‘ಒಂದು’ ಎನ್ನಲು ಗಂಡಿಗೆ ‘ಅಂ’, ಹೆಣ್ಣಿಗೆ ‘ಯೂನ್’ ಎಂದೆ. ಪುಸ್ತಕ ಗಂಡು, ಮೇಜು ಹೆಣ್ಣು.

"ಮೇಜು ಹೆಣ್ಣಂತಾ? ನಮ್ಮನೇದು ಯಾವತ್ತೂ ಹೇಳ್ಲೇ ಇಲ್ವಲ್ಲ!"

ಮೂರನೇ ವಾರ ಮಷೀನಿನ ಪುಸ್ತಕದ ಜೆರಾಕ್ಸ್ ತಂದರು. ಚಿತ್ರಗಳ ಪಕ್ಕ ಬಿಡಿಭಾಗಗಳ ಹೆಸರು ಮಾತ್ರ ಇತ್ತು. ಯಾವುದಕ್ಕೆ ಅಂ, ಯಾವುದಕ್ಕೆ ಯೂನ್ ಎಂದಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಹಾಗೆಂದು ಒಪ್ಪಿಕೊಳ್ಳುವ ವಯಸ್ಸೇ ಅದು? ದೊಡ್ಡದಕ್ಕೆಲ್ಲ ಅಂ, ಚಿಕ್ಕದಕ್ಕೆಲ್ಲ ಯೂನ್ ಎಂದು ಬಾಯಿಗೆ ಬಂದದ್ದು ಹೇಳಿದೆ. ಅವರು ತಮ್ಮ ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಮುದ್ದಾಗಿ ಬರೆದುಕೊಂಡು ಉರು ಹೊಡೆದರು. ಬೆಳಿಗ್ಗೆ ಬಟ್ಟೆ ಒಗೆಯುವ ಕಲ್ಲಿನ ಬಳಿ ನಿಂತು ಗೊಣಗುತ್ತಿದ್ದದ್ದು ನಮ್ಮನೆಗೂ ಕೇಳಿಸುತ್ತಿತ್ತು.

ಸಾಹೇಬರು ಬಂದರು. ಅಂಕಲ್ ನಟ್ಟೊಂದನ್ನು ಎತ್ತಿ ಹಿಡಿದು ‘ಯೂನ್’ ಎಂದು ಶುರು ಮಾಡಿದರಂತೆ. ಅವರು ನಗುತ್ತಾ ‘ಅಂ’ ಎಂದು ತಿದ್ದಿದರಂತೆ. ಎರಡನೆಯದೂ ತಪ್ಪಿತು. ಆಮೇಲೆ ಇವರು ಬಾಯಿ ಬಿಡಲೇ ಇಲ್ಲ. ಫ್ರಾನ್ಸಿಗೆ ಬೇರೊಬ್ಬರು ಹೋದರು.

"ನೀನು ಚೆನ್ನಾಗೇ ಹೇಳ್ಕೊಟ್ಟಿದ್ದೆ ಕಣಮ್ಮ. ನನ್ ತಲೆಗೇ ಹತ್ತಲಿಲ್ಲ," ಎಂದರು ಅಂಕಲ್.

ನಾಚಿಕೆಯಿಂದ ಕುಗ್ಗಿಹೋದೆ. ನಿಜವನ್ನು ನಾಳೆ ಹೇಳೋಣ, ನಾಡಿದ್ದು ಹೇಳೋಣ ಎಂದುಕೊಂಡೆ... ಅಷ್ಟರಲ್ಲಿ ಅವರು ಮನೆ ಖಾಲಿ ಮಾಡಿ ಅನ್ನಪೂರ್ಣೇಶ್ವರಿ ನಗರಕ್ಕೆ ಹೋದರು.

ಹೋದ ತಿಂಗಳು ಅವರ ತಿಥಿಗೆ ಹೋಗಿದ್ದೆ. ಅವರ ಹೆಂಡತಿ ನನ್ನ ಕೈ ಹಿಡಿದು ನೆಂಟರಿಗೆಲ್ಲ ತೋರಿಸಿದರು.

"ಇವಳೇ ನೋಡಿ, ಅವ್ರಿಗೆ ಫ್ರೆಂಚ್ ಕಲ್ಸಿದ್ದು. ಕೊನೇವರ್ಗೂ ಹೇಳ್ತಾನೇ ಇದ್ರು, ಆ ಹುಡ್ಗಿ ತಪ್ಪು ಹೇಳ್ಕೊಟ್ಟಿರಲ್ಲ, ನಾನೇ ದಡ್ಡ ಅಂತ."

ನಾನು ತಲೆಯಾಡಿಸಿ ಊಟಕ್ಕೆ ಕೂತೆ. ತಪ್ಪು ಒಪ್ಪಿಕೊಳ್ಳೋಣವೆಂದರೆ ಈಗ ಅವರೇ ಇಲ್ಲ.