ತವರಲ್ಲಿ ನಗುವ ಡಬ್ಬಿ

ಬೆಳಕಿನ್ನೂ ಬೀದಿಗೆ ಇಳಿದಿಲ್ಲ. ಮೆಟ್ಟಿಲ ಕೆಳಗಿನ ಗೂಡಿನಂಥ ಕೋಣೆಯಲ್ಲಿ ಆಗಲೇ ದೀಪ ಉರಿಯುತ್ತಿದೆ. ಮೇಜಿನ ಮೇಲೆ ಮಡಚಿ ಹಾಸಿದ ಕಂಬಳಿ. ಅದರ ಮೇಲೆ ಪಕ್ಕೆಯ ತಗಡು ಬಿಚ್ಚಿಸಿಕೊಂಡು ಒಂದು ಮಗ್ಗುಲಿಗೆ ಮಲಗಿದ ಹಳೆಯ ಕಂಪ್ಯೂಟರ್. ಮುಂದೆ ಕೂತ ಹೆಂಗಸು ಅದರೊಳಗಿನ, ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಕಾರ್ಡ್ ಕಿತ್ತು, ಅಂಚಿನ ಚಿನ್ನದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜುತ್ತಿದ್ದಾರೆ. ಹಟಮಾರಿ ಮಗುವಿಗೆ ಹಲ್ಲುಜ್ಜಿಸುವ ತಾಯಿಯ ಮುಖ: ಅರ್ಧ ಅಕ್ಕರೆ, ಅರ್ಧ ಸಾಕಪ್ಪಾ ಸಾಕು.

ಓಣಿಗೆಲ್ಲ ಇವರು ‘ಡಬ್ಬಿ ಅಕ್ಕ’. ಎಸೆಯಲು ಮನಸ್ಸು ಬಾರದೆ, ಹೊಸದು ಕೊಳ್ಳಲು ಕೈ ಬಾರದೆ ಜನ ಹೊತ್ತು ತರುವ ಮನೆ ಕಂಪ್ಯೂಟರುಗಳೇ ಇವರ ರೋಗಿಗಳು. ನಸುಕಿನಲ್ಲೇ ಯಾಕೆ ಕೆಲಸ ಎಂದರೆ, “ಆಗ ಕರೆಂಟೂ ಸಮಾಧಾನವಾಗಿರುತ್ತೆ, ನನ್ನ ಸೊಂಟಾನೂ ಸಮಾಧಾನವಾಗಿರುತ್ತೆ. ಬಿಸಿಲೇರಿದ ಮೇಲೆ ಎರಡನ್ನೂ ನಂಬೋ ಹಾಗಿಲ್ಲ” ಎನ್ನುತ್ತಾರೆ.

ಸೊಂಟದ ನೋವು ಟಿವಿ ಕಾರ್ಖಾನೆಯ ಉಡುಗೊರೆ. ಹರೆಯವೆಲ್ಲ ಅಲ್ಲಿ ನಿಂತೇ ಕಳೆಯಿತು. ಸರಿಯುವ ಪಟ್ಟಿಯ ಮುಂದೆ ಎಡಗಾಲಿಗೆ ಭಾರ ಕೊಟ್ಟು, ಒಂದಾದ ಮೇಲೊಂದು ಟಿವಿಗೆ ತಂತಿ ಬೆಸೆಯುವ ಕೆಲಸ. ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಕೈಯಲ್ಲಿ ಉಳಿದದ್ದು ಬೆಸುಗೆಯ ಕಡ್ಡಿ, ಕಾಲಲ್ಲಿ ಉಳಿದದ್ದು ವಾಲುವ ನಡಿಗೆ. “ಅಷ್ಟು ನಿಂತಿದ್ದು ಸಾಕು. ಈ ಕೋಣೇಲಿ ಯಾರೂ ನಿಲ್ಲೋ ಹಾಗಿಲ್ಲ, ಡಬ್ಬಿ ಕೂಡ.” ಹಾಗಾಗಿ ಇಲ್ಲಿಗೆ ಬಂದ ಡಬ್ಬಿಗಳೆಲ್ಲ ಮಲಗಿಯೇ ಗುಣವಾಗುತ್ತವೆ.

ರಾತ್ರಿಯೆಲ್ಲ ಹಾಲಿನ ವ್ಯಾನ್ ಓಡಿಸಿ ಬಂದ ಗಂಡ ಬಾಗಿಲಲ್ಲಿ ಆಕಳಿಸುತ್ತಾನೆ. “ನಿನ್ನ ಹತ್ರ ಬಂದ ಡಬ್ಬಿಗೆಲ್ಲ ಹಾಸಿಗೆ. ಕಟ್ಟಿಕೊಂಡವನಿಗೆ ಮಾತ್ರ ಈ ಮುರುಕು ಸ್ಟೂಲು.”

“ಕೆಟ್ಟು ಬಾ, ನಿನಗೂ ಹಾಸ್ತೀನಿ.”

ನಗು ಅಲ್ಲಿಗೇ ನಿಲ್ಲುತ್ತದೆ. ಈ ಡಬ್ಬಿ ಬಂದಿರುವುದು ನಾಲ್ಕನೇ ಸಲ. ಇದು ಪಕ್ಕದ ಬೀದಿಯ ಬೂಟು ಮಾಡುವವನದು. ಗಿಡ್ಡ ಕಾಲು, ಸೊಟ್ಟ ಪಾದ, ಒಂದಕ್ಕೊಂದು ಹೊಂದದ ಜೋಡಿ, ಅಂಥವರಿಗೆ ಅಳೆದು ಬೂಟು ಹೊಲಿಯುವುದು ಅವನ ಕಸುಬು. ಅಳತೆ, ನಕ್ಷೆ ಎಲ್ಲ ಇದರೊಳಗಿವೆ. ನಕ್ಷೆ ತೆರೆಯುವ ಹಳೆಯ ಸಾಫ್ಟ್‌ವೇರ್ ಬೇರೆ ಯಾವ ಕಂಪ್ಯೂಟರಿನಲ್ಲೂ ಓಡುವುದಿಲ್ಲ. ಕಥೆಯ ರಾಕ್ಷಸನ ಪ್ರಾಣ ಎಲ್ಲೋ ಒಂದು ಗಿಳಿಯಲ್ಲಿ ಅಡಗಿರುವಂತೆ ಆ ಮನೆಯ ಪ್ರಾಣ ಈ ತಗಡಿನಲ್ಲಿ ಅಡಗಿದೆ. ಹಳೆಯ ಬೂಟು ಹಿಡಿಯದೆ ಒಬ್ಬ ಹುಡುಗಿ ಶಾಲೆ ಬಿಟ್ಟು ಮನೆಯಲ್ಲಿ ಕೂತಿದ್ದಾಳೆ; ಅವಳ ನಕ್ಷೆಯೂ ಇದರಲ್ಲೇ ಇದೆ.

ಹಳೆಯ ಕಾರ್ಡ್ ಸುಟ್ಟಿತ್ತು. ಡಬ್ಬಿ ಅಕ್ಕ ಹುಡುಕಿ ಇನ್ನೊಂದು ತಂದು ಕೂರಿಸಿದರು. ಎರಡು ಫ್ಯಾನಿನ, ದಪ್ಪನೆಯ ಕಾರ್ಡ್. ಇಲ್ಲಿ ಪರದೆ ಥಳಥಳ ಹೊಳೆಯಿತು, ಅವನ ಮನೆಯಲ್ಲಿ ಕಗ್ಗತ್ತಲು. ಒಮ್ಮೆ ಪವರ್ ಸಪ್ಲೈ ಬದಲಿಸಿದರು, ಮತ್ತೊಮ್ಮೆ ಕೇಬಲ್ಲು. ಪ್ರತಿಸಲವೂ ಅದೇ ಹಾಡು. “ನಿದ್ದೇಲೂ ಅದೇ ಕಪ್ಪು ಪರದೆ ಕಣ್ಣಿಗೆ ಬರುತ್ತೆ,” ಎನ್ನುತ್ತ ಕಾರ್ಡ್ ಒತ್ತಿ ಕೂರಿಸುತ್ತಾರೆ. ಸ್ವಿಚ್ ಹಾಕುತ್ತಾರೆ. ಪರದೆ ಬೆಳಗುತ್ತದೆ. ಅವರ ಮುಖ ಬೆಳಗುವುದಿಲ್ಲ.

ಗಂಡನೇ ವ್ಯಾನಿನಲ್ಲಿ ಡಬ್ಬಿಯನ್ನೂ ಹೆಂಡತಿಯನ್ನೂ ಬೂಟಿನವನ ಮನೆ ಮುಂದೆ ಇಳಿಸುತ್ತಾನೆ. ಬೂಟಿನವನ ಹೆಂಡತಿ ಬಾಗಿಲಲ್ಲೇ ಸಿದ್ಧ.

“ಬನ್ನಿ ಬನ್ನಿ, ಮಗಳನ್ನ ಕರ್ಕೊಂಡು ಬಂದ್ರಾ? ತವರಲ್ಲಿ ನಗ್ತಾಳಂತೆ, ಇಲ್ಲಿ ಮುಖಾನೇ ತೋರಿಸಲ್ಲ. ಅಂಥಾದ್ದೇನು ಮಾಡಿದ್ವಿ ನಾವು?”

ಚರ್ಮ, ಅಂಟಿನ ವಾಸನೆಯ ಕೋಣೆ. ಗೋಡೆಗೆ ಮರದ ಪಾದಗಳ ಸಾಲು. ಮೇಜಿನ ಕೆಳಗೆ ಡಬ್ಬಿಯನ್ನು ನಿಲ್ಲಿಸಿ ಸ್ವಿಚ್ ಹಾಕಿದರೆ, ಫ್ಯಾನು ತಿರುಗುತ್ತದೆ, ಒಂದು ಉದ್ದ ಕೂಗು, ಪರದೆ ಕಪ್ಪು.

ಬಗ್ಗಿ ನೋಡುವಷ್ಟು ಸೊಂಟದಲ್ಲಿ ಕಸುವಿಲ್ಲದೆ ಡಬ್ಬಿ ಅಕ್ಕ ನೆಲದ ಮೇಲೇ ಕೂರುತ್ತಾರೆ. ಸ್ವಿಚ್ ಆರಿಸಿ, ಡಬ್ಬಿಯನ್ನು ಹೊರಗೆಳೆದು, ತಮ್ಮ ವಾಡಿಕೆಯಂತೆ ಮಗ್ಗುಲಿಗೆ ಮಲಗಿಸುತ್ತಾರೆ. ತಗಡು ಬಿಚ್ಚಿ ಮತ್ತೆ ಸ್ವಿಚ್ ಹಾಕುತ್ತಾರೆ. ಪರದೆ ಬೆಳಗುತ್ತದೆ.

ನಿಲ್ಲಿಸಿದರೆ ಕತ್ತಲು. ಮಲಗಿಸಿದರೆ ಬೆಳಕು.

“ಅಯ್ಯೋ, ಇದಕ್ಕೂ ಸೊಂಟ ನೋವಾ?” ಬೂಟಿನವನ ಹೆಂಡತಿ ಬಾಯಿಗೆ ಸೆರಗು ಹಿಡಿಯುತ್ತಾಳೆ.

ಡಬ್ಬಿ ಅಕ್ಕ ಟಾರ್ಚ್ ಬಿಟ್ಟು ಒಳಗೆ ನೋಡುತ್ತಾರೆ. ಕಾರ್ಡನ್ನು ಹಿಡಿದಿಡುವ ಪ್ಲಾಸ್ಟಿಕ್ ಕೊಂಡಿ ಎಂದೋ ಮುರಿದಿದೆ, ಸ್ಕ್ರೂ ಕೂರುವ ತೂತು ಸವೆದಿದೆ. ಹಗುರವಾಗಿದ್ದ ಹಳೆಯ ಕಾರ್ಡ್ ಹೇಗೋ ನಡೆಸಿಕೊಂಡು ಹೋಗಿತ್ತು. ಡಬ್ಬಿ ನಿಂತೊಡನೆ ಹೊಸದರ ಬಾಲ ಭಾರಕ್ಕೆ ಜೋತುಬೀಳುತ್ತದೆ, ಹಲ್ಲು ಹಿಡಿತ ಬಿಡುತ್ತದೆ. “ಕೊಂಡಿ ಮುರಿದಿದ್ದು ನೋಡಿದ್ದೆ. ಹತ್ತಾರು ಡಬ್ಬೀಲಿ ಮುರಿದಿರುತ್ತೆ, ಏನೂ ಆಗಲ್ಲ ಅಂತ ಬಿಟ್ಟೆ. ಒಂದು ಸಲಾನಾದ್ರೂ ನಿಲ್ಲಿಸಿ ನೋಡ್ಬೇಕಿತ್ತು. ತಪ್ಪು ನಂದೇ ಕಣ್ರೀ.”

ಬೂಟಿನವ ಮೊಣಕಾಲೂರಿ ಇಣುಕುತ್ತಾನೆ. ಕಾರ್ಡಿನ ಬಾಲಕ್ಕೂ ಡಬ್ಬಿಯ ತಳಕ್ಕೂ ನಡುವಿನ ಸಂದನ್ನು ಬೆರಳಲ್ಲಿ ಅಳೆಯುತ್ತಾನೆ. “ಇದು ನನ್ನ ಕೆಲಸ,” ಎನ್ನುತ್ತಾನೆ. ಹಿಮ್ಮಡಿಗೆ ಹಾಕುವ ರಬ್ಬರ್ ಕತ್ತರಿಸಿ, ಪದರದ ಮೇಲೆ ಪದರ ಅಂಟಿಸಿ, ಕೂದಲೆಳೆಯಷ್ಟು ಹೆರೆದು, ಫ್ಯಾನಿಗೆ ತಾಗದಂತೆ ಕೆಳಗೆ ತೂರಿಸುತ್ತಾನೆ. ಗಿಡ್ಡ ಕಾಲಿಗೆ ಅವನು ಕೊಡುವ ಆಸರೆಯೇ ಇದು, ಬೇರೇನಲ್ಲ.

ಡಬ್ಬಿ ನಿಲ್ಲುತ್ತದೆ. ಪರದೆ ಬೆಳಗುತ್ತದೆ. ಅವನು ಮಾಡುವ ಮೊದಲ ಕೆಲಸ ಆ ಹುಡುಗಿಯ ನಕ್ಷೆ ತೆರೆಯುವುದು. ಕಪ್ಪಿದ್ದ ಜಾಗದಲ್ಲಿ ಪುಟ್ಟ ಪಾದವೊಂದರ ನೀಲಿ ಗೆರೆ ಮೂಡುತ್ತದೆ.

“ಅಂತೂ ಸೊಸೆ ಮನೆ ತುಂಬಿದಳು,” ಎನ್ನುತ್ತ ಹೆಂಡತಿ ಒಳಗೆ ಹೋಗುತ್ತಾಳೆ.

ಡಬ್ಬಿ ಅಕ್ಕ ಮೇಜು ಹಿಡಿದು ನಿಧಾನವಾಗಿ ಏಳುತ್ತಾರೆ. ಬೂಟಿನವನ ಕಣ್ಣು ಅವರ ಚಪ್ಪಲಿಯ ಸವೆದ ಎಡ ಹಿಮ್ಮಡಿಯ ಮೇಲಿದೆ. “ನಿಮ್ಮದೂ ವಾಲ್ತಾ ಇದೆಯಲ್ಲಕ್ಕಾ. ಅಳತೆ ಕೊಡಿ.”

“ಮೊದಲು ಆ ಮಗೂದು ಮುಗಿಸಿ.” ಬಾಗಿಲವರೆಗೆ ಹೋದವರು ತಿರುಗುತ್ತಾರೆ. “ಮಿಕ್ಕ ರಬ್ಬರ್ ಮಾತ್ರ ಎಸೀಬೇಡಿ. ಇನ್ಮೇಲೆ ಡಬ್ಬೀನ ನಿಲ್ಲಿಸಿ ನೋಡ್ಬೇಕಲ್ಲ, ಜೊತೆಗೆ ನಾನೂ ನಿಲ್ಬೇಕಾಗುತ್ತೆ.”