ಕೆಂಪು ಕೋಟೆಯ ನಕ್ಷೆ ತಿದ್ದಿದ ಅಕ್ಕೋರು

ಬೋರ್ಡಿನ ಮೇಲೆ ನಕ್ಷೆ ಬರೆಯುವಾಗ ಅಕ್ಕೋರ ನಾಲಿಗೆಯ ತುದಿ ತುಟಿಯ ಮೂಲೆಯಿಂದ ಹೊರಗೆ ಇಣುಕುತ್ತಿತ್ತು. ಗೆರೆ ಮುಗಿದ ಮೇಲೆಯೇ ಅದು ಒಳಗೆ ಹೋಗುತ್ತಿದ್ದುದು. ಮುದಗಲ್ಲಿನ ಶಾಲೆಯಲ್ಲಿ ಅವರು ನಮಗೆ ಇತಿಹಾಸ ಕಲಿಸುತ್ತಿದ್ದರು. ನನಗೆ ನಕ್ಷೆಯ ಹುಚ್ಚು ಹಿಡಿಸಿದವರು ಅವರೇ. ನಾನು ಸರ್ಕಾರಿ ಸರ್ವೆಯರ್ ಆದದ್ದು ಆ ಹುಚ್ಚಿನಿಂದಲೇ.

ದಿಲ್ಲಿಯ ಕೆಂಪು ಕೋಟೆಯ ಪಾಠ ಬಂದರೆ ನಮ್ಮನ್ನು ಊರ ಕೋಟೆಯ ಬಾಗಿಲಿಗೆ ಕರೆದೊಯ್ಯುತ್ತಿದ್ದರು. "ನಮ್ಮ ಕೋಟಿ ಬಾಗ್ಲಾ ಸೊಟ್ಟ ಐತಿ, ವೈರಿ ಸೀದಾ ನುಗ್ಗಬಾರ್ದು ಅಂತ. ದಿಲ್ಲೀದು ಹಂಗಲ್ಲ. ಬಾಗ್ಲಾಗ ನಿಂತ್ರ ಸೀದಾ ಬಜಾರ ಕಾಣ್ತೈತಿ" ಎನ್ನುತ್ತಿದ್ದರು.

"ನೀವು ನೋಡೀರೇನ್ರೀ ಅಕ್ಕೋರ?" ಎಂದು ಒಮ್ಮೆ ಕೇಳಿದ್ದೆ.

"ಇಲ್ಲವ್ವಾ, ಪುಸ್ತಕದಾಗ ನೋಡೀನಿ" ಎಂದರು, ಸಂಕೋಚವಿಲ್ಲದೆ.

ಅವರು ನಿವೃತ್ತರಾದ ಮೇಲೆ ನಾನೇ ಅವರನ್ನು ದಿಲ್ಲಿಗೆ ಕರೆದುಕೊಂಡು ಹೋದೆ. ಕೋಟೆಯ ಮುಂದಿನ ಮೈದಾನದಲ್ಲಿ ಜನ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಅಕ್ಕೋರು ಮಾತ್ರ ಅತ್ತಿತ್ತ ಸರಿದು, ಕತ್ತು ಚಾಚಿ ಬಾಗಿಲು ಹುಡುಕುತ್ತಿದ್ದರು. ಮೇಲಿನ ಬುರುಜುಗಳಷ್ಟೇ ಕಂಡವು. ಬಾಗಿಲ ಮುಂದೆ ಇನ್ನೊಂದು ಎತ್ತರದ ಗೋಡೆ ಅಡ್ಡ ನಿಂತಿತ್ತು. ಒಳಗೆ ಹೋಗಲು ಪಕ್ಕಕ್ಕೆ ಹೊರಳಬೇಕಿತ್ತು, ನಮ್ಮ ಮುದಗಲ್ಲಿನಂತೆಯೇ. ಕೋಟೆ ಕಟ್ಟಿಸಿದವನ ಮಗ ಆಮೇಲೆ ಆ ಗೋಡೆ ಎಬ್ಬಿಸಿದನೆಂದು ಗೈಡ್ ಹೇಳಿದ.

ಅಕ್ಕೋರು ಅಲ್ಲೇ ಕಟ್ಟೆಯ ಮೇಲೆ ಕುಳಿತುಬಿಟ್ಟರು. "ಇಷ್ಟು ವರ್ಷ ಹುಡುಗ್ರಿಗೆ ತಪ್ಪು ಹೇಳೀನಲ್ಲವ್ವಾ."

"ಮೊದ್ಲ ನೀವು ಹೇಳಿದಂಗ ಇತ್ತಲ್ರೀ, ಬಿಡ್ರಿ ಅಕ್ಕೋರ" ಎಂದೆ.

"ಹಂಗ ಬಿಡಾಕ ಬರಂಗಿಲ್ಲ. ಮೊದ್ಲ ಇತ್ತು, ಈಗಿಲ್ಲ ಅಂತ ಹೇಳಬೇಕಿತ್ತು."

ಊರಿಗೆ ಬಂದ ಎರಡನೇ ದಿನವೇ ನನ್ನನ್ನೂ ಕರೆದುಕೊಂಡು ಶಾಲೆಗೆ ಹೋದರು. ಹೆಡ್ ಮಾಸ್ತರರನ್ನು ಕೇಳಿ ಎಂಟನೇ ಇಯತ್ತೆಯಲ್ಲಿ ಹತ್ತು ನಿಮಿಷ ಪಡೆದು, ಬೋರ್ಡಿನ ಮೇಲೆ ಕೆಂಪು ಕೋಟೆಯ ಹೊಸ ನಕ್ಷೆ ಬರೆದರು, ಅಡ್ಡಗೋಡೆ ಸಮೇತ. "ನಿಮ್ಮ ಅವ್ವಂದಿರಿಗೆ ನಾ ಇದನ್ನ ತಪ್ಪು ಕಲಿಸೀನಿ. ಅಕ್ಕೋರು ತಿದ್ದಿಕೊಂಡ್ರು ಅಂತ ಮನ್ಯಾಗ ಹೇಳ್ರಿ" ಎಂದರು. ಮಕ್ಕಳು ಗೊಳ್ಳೆಂದು ನಕ್ಕರು. ಅಕ್ಕೋರೂ ನಕ್ಕರು. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ನಾನು ಆ ನಕ್ಷೆಯನ್ನು ಬರೆದುಕೊಂಡೆ.

ಹೋದ ವರ್ಷ ಅವರು ತೀರಿಕೊಂಡರು. ಮಣ್ಣಿಗೆ ಹೋಗಿ ಬಂದ ವಾರದಲ್ಲೇ, ಗುರುಗುಂಟಾ ಗ್ರಾಮದ ಹೊಲವೊಂದರ ಅಳತೆಯಲ್ಲಿ ನಾನು ತಪ್ಪಿದ್ದು ಕಾಗದ ನೋಡುವಾಗ ಗೊತ್ತಾಯಿತು. ಒಬ್ಬ ಮುದುಕಿಯ ಹೊಲದ ಅಂಚು ಪಕ್ಕದವರಿಗೆ ಸೇರಿಹೋಗಿತ್ತು. ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಸುಮ್ಮನಿರಬಹುದಿತ್ತು. ಮರುದಿನ ಮೊದಲ ಬಸ್ಸಿಗೆ ಹೋದೆ.

"ಯಮ್ಮಾ, ಅಳತಿ ತಪ್ಪೈತಿ. ನಂದೇ ತಪ್ಪು. ಮತ್ತೊಮ್ಮಿ ಅಳೀತೀನಿ."

ಮುದುಕಿ ನನಗೆ ಕೂರಲು ಚಾಪೆ ಹಾಸಿದಳು. "ಸರ್ಕಾರದವ್ರು ಮನೀ ತನಕ ಬಂದು ತಪ್ಪಾತು ಅಂದಿದ್ದ ನಾ ಕಂಡಿಲ್ಲ ಬಿಡವ್ವಾ. ಯಾರ ಮಗಳು ನೀ?"

ಅಪ್ಪನ ಹೆಸರು ಹೇಳಿದೆ. ಆಮೇಲೆ ಅಕ್ಕೋರ ಹೆಸರನ್ನೂ ಹೇಳಿದೆ.